ನನ್ನ ಬಾಸ್ಕೆಟ್‌ಬಾಲ್ ಶುರುವಾಗಿದ್ದು ಖೋಖೋ ಕಂಬದ ಹತ್ತಿರ

ನಾನು ಬಾಸ್ಕೆಟ್‌ಬಾಲ್ ಕೋಚ್. ನೌಕರಿ ಸಿಕ್ಕಿದ್ದು ಆ ಆಟದಿಂದ, ಮನೆ ನಡೆಯುತ್ತಿರುವುದೂ ಅದರಿಂದಲೇ. ಆದರೂ ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಅಂದಾಗ ನಾನು ಬರೆಯಲೇಬೇಕು ಅನ್ನಿಸಿದ್ದು ಖೋಖೋ ಬಗ್ಗೆ. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ನಾವು ಓದುವಾಗ ಊರಿಗೆ ಇನ್ನೂ ಬಿಜಾಪುರ ಅಂತಲೇ ಹೆಸರು. ಶಾಲೆಯ ಮೈದಾನ ಎರೆ ಮಣ್ಣಿನದು. ಮಳೆ ಬಿದ್ದರೆ ಅಂಗಾಲಿಗೆ ಹೆಂಟೆ ಹೆಂಟೆಯಾಗಿ ಅಂಟುತ್ತಿತ್ತು. ಬೇಸಿಗೆಯಲ್ಲಿ ಬಿರುಕು. ಪಿ.ಟಿ. ಸರ್ ಒಂದು ಕಡೆ ಗರಸು ತರಿಸಿ ಹಾಕಿಸಿದರು. ನೀರು ಹೊಡೆದು ರೋಲರ್ ಎಳೆದಿದ್ದು ನಾವು ಹುಡುಗಿಯರೇ. ಸುಣ್ಣದ ಗೆರೆ ಎಳೆದು ಎರಡು ಕಡೆ ಕಂಬ ನೆಟ್ಟಾಗ ಅದು ಖೋಖೋ ಅಂಗಣ ಆಯಿತು.

ಆಗ ಶಾಲೆಯಲ್ಲಿ ಹುಡುಗಿಯರು ಕಡಿಮೆ. ಆಡುವವರು ಇನ್ನೂ ಕಡಿಮೆ. ಹಾಗಾಗಿ ಇದ್ದವರೇ ಎಲ್ಲ ಆಟಕ್ಕೂ ನಿಲ್ಲಬೇಕು. ಬೆಳಗ್ಗೆ ಥ್ರೋಬಾಲ್, ಮಧ್ಯಾಹ್ನ ಉದ್ದ ಜಿಗಿತ, ಸಂಜೆ ಕಬಡ್ಡಿ. ಅದೇ ಕಾಲು, ಅದೇ ಬಟ್ಟೆ. ಸೈಕಲ್ ಅಂತೂ ನಮ್ಮ ಜಿಲ್ಲೆಯ ಮಕ್ಕಳ ರಕ್ತದಲ್ಲೇ ಇದೆ. ರಜೆ ಬಂದರೆ ಅಣ್ಣನ ಸೈಕಲ್ ಹತ್ತಿ ಸೋಲಾಪುರ ರಸ್ತೆಯಲ್ಲಿ ಸಾಕಾಗುವವರೆಗೂ ತುಳಿಯುತ್ತಿದ್ದೆ. ಎದುರುಗಾಳಿಗೆ ತುಳಿದು ಬಂದ ಆ ತೊಡೆಗಳೇ ಮುಂದೆ ಬಾಸ್ಕೆಟ್‌ಬಾಲ್ ಪಂದ್ಯದ ಕೊನೆಯ, ನಾಲ್ಕನೇ ಕ್ವಾರ್ಟರ್‌ನಲ್ಲಿ ನನ್ನನ್ನು ನಿಲ್ಲಿಸಿದವು.

ಒಂಬತ್ತನೇ ತರಗತಿಯಲ್ಲಿ ನಾನು ಇದ್ದಕ್ಕಿದ್ದಂತೆ ಎತ್ತರ ಬೆಳೆದೆ. ಶಾಲೆಯ ಹಿಂದೆ ಒಂದು ಹಳೆ ಬಾಸ್ಕೆಟ್‌ಬಾಲ್ ಕೋರ್ಟ್ ಇತ್ತು. ಒಂದು ರಿಂಗ್ ಬಗ್ಗಿತ್ತು, ಎರಡಕ್ಕೂ ಬಲೆ ಇರಲಿಲ್ಲ. ಸರ್ ಕರೆದು ಚೆಂಡು ಕೈಗೆ ಕೊಟ್ಟರು. ಓಡಿ ಬಂದು ಎರಡು ಹೆಜ್ಜೆ ಇಟ್ಟು ಹಾರಿ ಚೆಂಡನ್ನು ರಿಂಗ್‌ಗೆ ಹಾಕುವುದಕ್ಕೆ ಲೇ-ಅಪ್ ಅನ್ನುತ್ತಾರೆ. ಅದನ್ನು ಅವರು ವಿವರಿಸಲಿಲ್ಲ. "ಉದ್ದ ಜಿಗಿತಕ್ಕ ಓಡಿ ಬರ್ತೀಯಲ್ಲ, ಹಂಗ ಬಾ. ಮುಂದ ಹಾರಬ್ಯಾಡ, ಮ್ಯಾಲ ಹಾರು" ಅಂದರು. ಬಲಗೈಯಲ್ಲಿ ಚೆಂಡು ಹಾಕಬೇಕಾದರೆ ಎಡಗಾಲಲ್ಲಿ ಚಿಮ್ಮಬೇಕು. ನನ್ನ ಜಿಗಿತದ ಕಾಲೂ ಎಡಗಾಲೇ. ಬೇರೆಯವರು ವಾರಗಟ್ಟಲೆ ತಿಣುಕುವ ಆ ಎರಡು ಹೆಜ್ಜೆ ನನಗೆ ಅವತ್ತೇ ಬಂತು.

ಖೋಖೋದಿಂದ ಬಂದಿದ್ದು ಇನ್ನೂ ಜಾಸ್ತಿ. ಆ ಆಟದಲ್ಲಿ ಬೆನ್ನಟ್ಟುವವಳು ಒಂದು ಸಲ ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ. ಇಲ್ಲಾಂದರೆ ಖೋ ಕೊಟ್ಟು ಕೂತುಕೊಳ್ಳಬೇಕು. ಓಡುವವಳಿಗೆ ಆ ಕಟ್ಟು ಇಲ್ಲ, ಯಾವ ಸಂದಿಯಲ್ಲಾದರೂ ನುಗ್ಗಬಹುದು. ಆದ್ದರಿಂದ ಓಡುವವಳ ಕಣ್ಣೆಲ್ಲ ಬೆನ್ನಟ್ಟುವವಳ ಭುಜದ ಮೇಲೆ. ಭುಜ ಯಾವ ಕಡೆ ವಾಲುತ್ತದೆ ಅಂತ ಅರ್ಧ ಕ್ಷಣ ಮೊದಲು ಗೊತ್ತಾದರೆ ಸಾಕು, ನೀವು ಇನ್ನೊಂದು ಕಡೆ ಇರುತ್ತೀರಿ. ಬಾಸ್ಕೆಟ್‌ಬಾಲ್‌ನಲ್ಲಿ ಡಿಫೆಂಡರ್‌ನಿಂದ ಬಿಡಿಸಿಕೊಂಡು ರಿಂಗ್ ಕಡೆ ನುಗ್ಗುವುದಕ್ಕೆ ಕಟ್ ಅನ್ನುತ್ತೇವೆ. ನನಗೆ ಅದನ್ನು ಯಾರೂ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಕಲಿಸಿದ್ದಲ್ಲ.

ಆಮೇಲೆ ಆ ಕೂರುವುದು. ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಬೆನ್ನ ಮೇಲೆ ಕೈ ಬಿದ್ದು ಖೋ ಅಂದ ತಕ್ಷಣ ಚಿಮ್ಮಿ ಏಳಬೇಕು. ಮೊದಲ ಹೆಜ್ಜೆ ನಿಧಾನ ಆದರೆ ಓಡುವವಳು ಆಗಲೇ ಮಾಯ. ಮೊಣಕಾಲು ಬಗ್ಗಿಸಿ ತಗ್ಗಿ ನಿಂತು ಡಿಫೆನ್ಸ್ ಮಾಡುವುದು ಇವತ್ತಿನ ಮಕ್ಕಳಿಗೆ ಶಿಕ್ಷೆ ಅನ್ನಿಸುತ್ತದೆ. ನಮಗೆ ಅದು ಸುಮ್ನೆ ನಿಂತ ಹಾಗೆ. ಕಂಬಕ್ಕೆ ಒಂದು ಕೈ ಹಿಡಿದು ಒಂದೇ ಕಾಲಿನ ಮೇಲೆ ಸರ್ರನೆ ತಿರುಗುವ ಅಭ್ಯಾಸ ಇದ್ದವರಿಗೆ ಪಿವಟ್, ಅಂದರೆ ಚೆಂಡು ಹಿಡಿದು ಒಂದು ಪಾದ ಊರಿಕೊಂಡೇ ತಿರುಗುವುದು, ಹೊಸದೇನಲ್ಲ.

ಥ್ರೋಬಾಲ್‌ನಲ್ಲಿ ಎರಡು ಕೈಯಲ್ಲಿ ಹಿಡಿದು 3 ಸೆಕೆಂಡ್ ಒಳಗೆ ಒಂದು ಕೈಯಲ್ಲಿ ಎಸೆಯಬೇಕು. ಅದರಿಂದ ಪಾಸ್ ಬಂತು. ಕಬಡ್ಡಿ ರೇಡ್‌ಗೆ 30 ಸೆಕೆಂಡ್. ಹೊತ್ತು ಎಷ್ಟಾಯಿತು ಅಂತ ಮೈಗೇ ಗೊತ್ತಾಗುತ್ತಿತ್ತು. ಬಾಸ್ಕೆಟ್‌ಬಾಲ್‌ನಲ್ಲಿ 2000ದಲ್ಲಿ ಚೆಂಡು ಸಿಕ್ಕ ತಂಡ ಷಾಟ್ ಹಾಕಲೇಬೇಕಾದ ಸಮಯ 30ರಿಂದ 24 ಸೆಕೆಂಡಿಗೆ ಇಳಿಯಿತು. ನಮ್ಮಲ್ಲಿ ಗಡಿಯಾರ ಎಲ್ಲಿತ್ತು? ಸರ್ ಬಾಯಿಂದ ಎಣಿಸುತ್ತಿದ್ದರು.

ವಿಭಾಗ ಮಟ್ಟಕ್ಕೆ ಆಯ್ಕೆಯಾದಾಗ ಅಪ್ಪ ಒಪ್ಪಲಿಲ್ಲ. ವಯಸ್ಸಿಗೆ ಬಂದ ಹುಡುಗಿ ಬೆಳಗಾವಿಗೆ ಹೋಗಿ ಎರಡು ರಾತ್ರಿ ಉಳಿಯುವುದು ಅವರಿಗೆ ದೊಡ್ಡ ಮಾತು. ಅವತ್ತು ಸಂಜೆ ಸರ್ ಮನೆಗೆ ಬಂದರು, ಜೊತೆಗೆ ಕನ್ನಡ ಟೀಚರನ್ನೂ ಕರೆದುಕೊಂಡು ಬಂದರು. ಆಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಉಳಿಯುವುದು ಎಲ್ಲಿ, ಹುಡುಗಿಯರ ಕೋಣೆಯಲ್ಲಿ ಟೀಚರ್ ಮಲಗುತ್ತಾರೆ, ಇಷ್ಟೇ ಹೇಳಿದರು. ಅವ್ವ ಚಹಾ ಕೊಟ್ಟಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ರೊಟ್ಟಿ ಕಟ್ಟಿ ಕಳಸು" ಅಂದರು. ನಾನು ಈಗ ಕೋಚ್ ಆಗಿ ಎಷ್ಟೋ ಮನೆಗಳಿಗೆ ಹೋಗುತ್ತೇನೆ. ಇವತ್ತಿಗೂ ಮೊದಲು ಮಾತಾಡುವುದು ಬಸ್ಸು ಮತ್ತು ಕೋಣೆಯ ಬಗ್ಗೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 2003ರಲ್ಲಿ ನಮ್ಮೂರಿನಲ್ಲೇ ಮಹಿಳಾ ವಿಶ್ವವಿದ್ಯಾಲಯ ಶುರುವಾಯಿತು, ಈಗಿನ ಅಕ್ಕಮಹಾದೇವಿ ವಿಶ್ವವಿದ್ಯಾಲಯ. ಡಿಗ್ರಿ ಓದುತ್ತಾ ಅಂತರ ವಿಶ್ವವಿದ್ಯಾಲಯ ಪಂದ್ಯ ಆಡಿದೆ. ಅಲ್ಲಿಂದ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ನೌಕರಿ. ಗಂಡಸರಿಗೆ 2015ರಲ್ಲಿ ಯುಬಿಎ ಅಂತ ಲೀಗ್ ಬಂತು, ಕೆಲವು ಸೀಸನ್ ನಡೆದು ನಿಂತುಹೋಯಿತು. ನಮ್ಮ ಕಾಲದ ಹೆಣ್ಣುಮಕ್ಕಳಿಗೆ ವೃತ್ತಿಪರ ಬಾಸ್ಕೆಟ್‌ಬಾಲ್ ಅಂದರೆ ರೈಲ್ವೆಯೇ. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಆಫೀಸು, ಸಂಜೆ ಮತ್ತೆ ಪ್ರಾಕ್ಟೀಸ್. ತಿಂಗಳಿಗೆ ಸಂಬಳ, ಮುಂದೆ ಪ್ರಮೋಷನ್. ನನ್ನ ಆಟ ಕಂಡು ಹೆದರಿದ್ದ ಅಪ್ಪ ಮೊದಲ ಸಂಬಳದ ದಿನ ಓಣಿಗೆಲ್ಲ ಪೇಢೆ ಹಂಚಿದರು.

ಆಡುವ ಕಾಲದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು 2010ರ ಬದಲಾವಣೆ. ಚೆಂಡು ಹಾಕಿದರೆ ಮೂರು ಪಾಯಿಂಟ್ ಸಿಗುವ ದೂರದ ಗೆರೆ 6.25 ಮೀಟರ್‌ನಿಂದ 6.75ಕ್ಕೆ ಹಿಂದೆ ಹೋಯಿತು. ಅರ್ಧ ಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು. ಭುಜದ ಬಲದಿಂದ ಹಾಕುತ್ತಿದ್ದವರ ಚೆಂಡು ರಿಂಗ್ ಮುಟ್ಟದೆ ಬೀಳತೊಡಗಿತು. ಕಾಲಿನಿಂದ ಬಲ ತರಲು ಗೊತ್ತಿದ್ದವರು ಮಾತ್ರ ಉಳಿದುಕೊಂಡರು. ನನಗೆ ಸೈಕಲ್ ಮತ್ತು ಖೋಖೋ ಕೊಟ್ಟ ಕಾಲು ಇತ್ತು.

ಆಮೇಲೆ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಕಲಿತೆ, ಹುಡುಗಿಯರಿಗೆ ಕಲಿಸಲು ಶುರು ಮಾಡಿದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಮಹಿಳೆಯರ ಏಷ್ಯಾ ಕಪ್ ಬಿ ಡಿವಿಷನ್ ನಡೆಯಿತು. ಫೈನಲ್‌ನಲ್ಲಿ ನಮ್ಮವರು ಕಜಕಸ್ತಾನವನ್ನು 75-73ರಲ್ಲಿ ಗೆದ್ದರು. ನನ್ನ ಹುಡುಗಿಯರು ಪಕ್ಕದಲ್ಲಿ ಕೂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು.

ಈಗ ಕಲಿಯಲು ಬರುವ ಮಕ್ಕಳಲ್ಲಿ ಒಂದು ವ್ಯತ್ಯಾಸ ಕಾಣುತ್ತಿದೆ. ಎಂಟು ವರ್ಷಕ್ಕೇ ಒಂದು ಆಟಕ್ಕೆ ಸೇರಿಸುತ್ತಾರೆ. ವರ್ಷವಿಡೀ ಸಿಮೆಂಟ್ ನೆಲದ ಮೇಲೆ ಅದೊಂದೇ. ಡ್ರಿಬ್ಲಿಂಗ್ ಚೆನ್ನಾಗಿರುತ್ತದೆ. ಆದರೆ ಹಿಂದಕ್ಕೆ ಓಡಲು ಬರುವುದಿಲ್ಲ, ಬಿದ್ದರೆ ಉರುಳಲು ಬರುವುದಿಲ್ಲ. ಎತ್ತರ ಬೆಳೆಯುವ ವಯಸ್ಸಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಶುರು. ಮೂಳೆ ಬೆಳೆಯುವಾಗ ಒಂದೇ ಜಾಗಕ್ಕೆ ದಿನಾ ಜಗ್ಗಾಟ ಬಿದ್ದರೆ ಹಾಗಾಗುತ್ತದೆ. ಹುಡುಗಿಯರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ ಬೇರೆ. ಜಿಗಿದು ಇಳಿಯುವಾಗ ಮೊಣಕಾಲು ಒಳಗೆ ವಾಲುವುದನ್ನು ತಪ್ಪಿಸಲು ನಾನು ಮೊದಲು ಕಲಿಸುವುದು ಇಳಿಯುವುದನ್ನೇ. ಬಾಸ್ಕೆಟ್‌ಬಾಲ್ ಹುಟ್ಟಿದ್ದೇ 1891ರಲ್ಲಿ, ಬೇರೆ ಆಟ ಆಡುವ ಹುಡುಗರಿಗೆ ಚಳಿಗಾಲದಲ್ಲಿ ಒಳಗೆ ಆಡಲು ಏನಾದರೂ ಬೇಕು ಅಂತ. ನಮ್ಮ ಮಕ್ಕಳಿಗೂ ಆ ಬೇರೆ ಆಟಗಳು ಸಿಗಲಿ ಅನ್ನುವುದು ನನ್ನ ಆಸೆ.

ಈಗ ಕಾರಣಕ್ಕೆ ಬರುತ್ತೇನೆ. ಹಳೆ ಕೋರ್ಟಿನ ಜಾಗದಲ್ಲಿ ಈಗ ಕೊಠಡಿಗಳು ಎದ್ದಿವೆ. ಹೊಸ ಕೋರ್ಟ್ ಮಾಡಲು ಶಾಲೆಯವರು ನನ್ನ ಸಲಹೆ ಕೇಳಿದ್ದಾರೆ, ತುಂಬಾ ಸಂತೋಷ. ಗುರುತಿಸಿರುವ ಜಾಗ ಖೋಖೋ ಅಂಗಣ. ಅಳತೆ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಖೋಖೋ ಅಂಗಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಬಾಸ್ಕೆಟ್‌ಬಾಲ್ ಕೋರ್ಟ್ 28ಕ್ಕೆ 15. ಒಂದರ ಮೇಲೆ ಒಂದು ಕೂರುತ್ತದೆ. ದಯವಿಟ್ಟು ಕೂರಿಸಬೇಡಿ. ಆ ಗರಸಿನ ಮೇಲೆ ಸಿಮೆಂಟ್ ಬಿದ್ದರೆ ಅಲ್ಲಿ ಮತ್ತೆ ಯಾವ ಹುಡುಗಿಯೂ ಡೈವ್ ಹೊಡೆಯುವುದಿಲ್ಲ.

ಸೈಕಲ್ ಸ್ಟ್ಯಾಂಡ್ ಹಿಂದಿನ ಜಾಗ ನೋಡಿ. ಪೂರ್ತಿ ಕೋರ್ಟ್ ಹಿಡಿಯುವುದಿಲ್ಲ, ನಿಜ. ಆದರೆ ತಂಡಕ್ಕೆ ಮೂವರಂತೆ ಆಡುವ 3x3 ಬಾಸ್ಕೆಟ್‌ಬಾಲ್‌ಗೆ 15 ಮೀಟರ್ ಅಗಲ, 11 ಮೀಟರ್ ಉದ್ದ, ಒಂದೇ ರಿಂಗ್ ಸಾಕು. ಟೋಕಿಯೊದಿಂದ ಅದು ಒಲಿಂಪಿಕ್ಸ್ ಆಟವೂ ಹೌದು. ರಿಂಗ್ ಎತ್ತರ 3.05 ಮೀಟರ್, ಸಣ್ಣ ಮಕ್ಕಳಿಗೆ ಇಳಿಸುವಂಥ ಸ್ಟ್ಯಾಂಡ್ ತರಿಸಿದರೆ ಇನ್ನೂ ಒಳ್ಳೆಯದು. ಸ್ಟ್ಯಾಂಡ್ ಮತ್ತು ಬೋರ್ಡಿನ ಖರ್ಚನ್ನು ನಮ್ಮ ಬ್ಯಾಚಿನವರು ಕೊಡಲು ಒಪ್ಪಿದ್ದಾರೆ. ದಸರಾ ರಜೆಯಲ್ಲಿ ಊರಿಗೆ ಬರುತ್ತೇನೆ. ಅಳತೆಯ ಟೇಪು ಮತ್ತು ಸುಣ್ಣ ತರುತ್ತೇನೆ, ಗೆರೆ ಎಳೆಯಲು ಏಳನೇ ತರಗತಿಯ ಹುಡುಗಿಯರನ್ನು ಕಳಿಸಿಕೊಡಿ.