ಮೂವತ್ತನೇ ದಿನದ ಮುದ್ದೆ

ತೂಕ ಇಳಿಸಲು ಜಠರವನ್ನು ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಆಗಿ ಮೂವತ್ತನೇ ದಿನ. ಮಂಡ್ಯ ಕಡೆಯ ಮನೆ ಅಂದುಕೊಳ್ಳಿ. ಮೊದಲ ಎರಡು ವಾರ ತಿಳಿ, ಗಂಜಿ, ಮಜ್ಜಿಗೆಯಲ್ಲೇ ಕಳೆಯಿತು. ಆಮೇಲಿನ ಎರಡು ವಾರ ಏನಿದ್ದರೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ್ದು. ಇವತ್ತಿಂದ ಮೆತ್ತಗಿನ ಊಟ ಶುರು ಮಾಡಬಹುದು ಅಂತ ಡಯಟ್ ಚೀಟಿಯಲ್ಲಿ ಬರೆದಿದೆ. ಆ ಸೀಮೆಯಲ್ಲಿ ಮುದ್ದೆಗಿಂತ ಮೆತ್ತಗಿನದು ಇನ್ಯಾವುದಿದೆ? ಮಧ್ಯಾಹ್ನಕ್ಕೆ ಬಸ್ಸಾರು, ಜೊತೆಗೆ ಮಗುವಿಗೆ ಕಟ್ಟಿದಂಥ ಪುಟ್ಟ ಮುದ್ದೆ. ಎರಡನೇ ತುತ್ತಿಗೇ ಎದೆ ಹಿಡಿದುಕೊಳ್ಳುತ್ತದೆ.

ತಪ್ಪು ಮುದ್ದೆಯದಲ್ಲ, ನುಂಗುವ ಅಭ್ಯಾಸದ್ದು. ಮುದ್ದೆಯನ್ನು ಅಗಿಯುವವರನ್ನು ಕಂಡರೆ ಹಳೇ ಮೈಸೂರಿನವರು ನಗುತ್ತಾರೆ; ಸಾರಿನಲ್ಲಿ ಅದ್ದಿ ಗುಳುಂ ಎಂದು ಇಳಿಸುವುದೇ ಅಲ್ಲಿನ ಕ್ರಮ. ಆಪರೇಷನ್ ಆಗಿದ್ದು ಹೊಟ್ಟೆಗೆ, ಗಂಟಲಿಗಲ್ಲ. ಗಂಟಲು ನಲವತ್ತು ವರ್ಷದ ರೂಢಿಯಂತೆ ನಿಂಬೆಕಾಯಿ ಗಾತ್ರದ ತುತ್ತನ್ನು ಒಳಗೆ ಕಳಿಸಿಬಿಡುತ್ತದೆ. ಒಳಗೆ ಈಗ ಚೀಲವಿಲ್ಲ, ನಳಿಕೆಯಿದೆ. ಸರ್ಜನ್ ಸುಮಾರು 12–13 ಮಿ.ಮೀ. ದಪ್ಪದ ಟ್ಯೂಬೊಂದನ್ನು ಬಾಯಿಯಿಂದ ಇಳಿಸಿ, ಅದರ ಗುಂಟ ಸ್ಟೇಪಲ್ ಹೊಡೆಯುತ್ತಾ ಬಂದು, ಜಠರದ ನೂರಕ್ಕೆ 75–80 ಭಾಗವನ್ನು ತೆಗೆದಿರುತ್ತಾರೆ. ಉಳಿದದ್ದು ಬಾಳೆಕಾಯಿಯಂತೆ ಬಾಗಿದ ಕೊಳವೆ. ಆ ಬಾಗಿನಲ್ಲಿ ದಾರಿ ಮೊದಲೇ ಇಕ್ಕಟ್ಟು. ಜೊತೆಗೆ ಒಳಗಿನ ಬಾವು ಪೂರ್ತಿ ಇಳಿಯಲು ಇನ್ನೂ ಕೆಲವು ವಾರ ಬೇಕು. ಅಂಟು ಅಂಟಾದ ರಾಗಿಹಿಟ್ಟು ಅಲ್ಲಿಗೆ ಬಿರಡೆ ಹಾಕಿದಂತೆ ಕೂರುತ್ತದೆ. ಬಿಸಿ ಅನ್ನದ ಮುದ್ದೆ, ಮೃದು ಬ್ರೆಡ್ಡು, ಒಣ ಚಪಾತಿ, ನಾರು ನಾರಾದ ಕೋಳಿ ಎದೆಮಾಂಸ, ಎಲ್ಲವೂ ಇದೇ ಜಾತಿಯವು.

ಸಿಕ್ಕಿಕೊಂಡಾಗ ಹೇಗಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ಎದೆಮೂಳೆಯ ಕೆಳತುದಿಯಲ್ಲಿ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತಾಗುತ್ತದೆ. ಬಾಯಲ್ಲಿ ಜೊಲ್ಲು ಊರುತ್ತದೆ, ಗಟ್ಟಿ ಲೋಳೆಯಂಥ ಬಿಳಿ ನೊರೆ ಮೇಲೇರಿ ಬರುತ್ತದೆ. ಅಷ್ಟರಲ್ಲಿ ಮನೆಯವರು ನೀರಿನ ಲೋಟ ಹಿಡಿದು ಬಂದಿರುತ್ತಾರೆ, 'ಕುಡಿ, ಇಳಿಯುತ್ತೆ' ಅಂತ. ಕುಡಿಯಕೂಡದು. ಬಿರಡೆಯ ಮೇಲೆ ಸುರಿದ ನೀರಿಗೆ ಇಳಿಯಲು ಜಾಗವೆಲ್ಲಿ? ನೊರೆಯನ್ನೂ ಸೇರಿಸಿಕೊಂಡು ವಾಪಸು ಬರುತ್ತದೆ. ತಟ್ಟೆ ಬಿಟ್ಟು ಎದ್ದು ನಿಲ್ಲಬೇಕು, ಹಜಾರದಲ್ಲಿ ನಿಧಾನ ಓಡಾಡಬೇಕು, ಬಂದ ನೊರೆಯನ್ನು ನುಂಗದೆ ಉಗುಳಬೇಕು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಅದು ಕೆಳಗೆ ಜಾರುತ್ತದೆ, ಇಲ್ಲವೇ ಮೇಲೆ ಬಂದುಬಿಡುತ್ತದೆ. ಎರಡರಲ್ಲಿ ಯಾವುದಾದರೂ ಸರಿಯೇ. ಆಮೇಲೆ 'ಹೋಯ್ತಲ್ಲ' ಎಂದು ಮತ್ತೆ ತಟ್ಟೆಗೆ ಕೂರುವುದು ಎರಡನೇ ತಪ್ಪು. ಒಳಗೆ ಆ ಜಾಗ ಕೆರಳಿ ಇನ್ನಷ್ಟು ಊದಿರುತ್ತದೆ. ಒಂದು ಹಗಲು ಒಂದು ರಾತ್ರಿ ತಿಳಿ ಪದಾರ್ಥಕ್ಕೇ ಮರಳಬೇಕು.

ಗುಟುಕು ನೀರೂ ನಿಲ್ಲದೆ ವಾಂತಿ ಮುಂದುವರಿದರೆ, ಅಥವಾ ದಿನ ಬಿಟ್ಟು ದಿನ ವಾಂತಿಯಾಗುತ್ತಿದ್ದರೆ, ಮನೆಮದ್ದು ನೆಚ್ಚಿ ಕೂರದೆ ಆಪರೇಷನ್ ಮಾಡಿದವರ ಬಳಿಗೇ ಹೋಗಬೇಕು. ಬೀದಿಕೊನೆಯ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಹಾಕಿಸಿಕೊಂಡು ಬರೋಣ ಅನ್ನುವುದು ನಮ್ಮಲ್ಲಿ ಸಹಜ. ಅಪಾಯ ಇರುವುದು ಅಲ್ಲೇ. ವಾರಗಟ್ಟಲೆ ವಾಂತಿಯಾದವರ ಮೈಯಲ್ಲಿ ಬಿ1, ಅಂದರೆ ಥಯಮಿನ್, ಬರಿದಾಗಿರುತ್ತದೆ. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು: ನೋಟ ಎರಡೆರಡಾಗುವುದು, ನಡಿಗೆ ತೂರಾಡುವುದು, ಮಂಕು ಕವಿಯುವುದು. ಬೇರೆ ಊರಲ್ಲಿದ್ದು ಬೇರೆ ಡಾಕ್ಟರಿಗೆ ತೋರಿಸಬೇಕಾದರೆ 'ಹೊಟ್ಟೆ ಆಪರೇಷನ್ ಆಗಿದೆ, ಮೊದಲು ಥಯಮಿನ್' ಎಂದು ಬಾಯಿಬಿಟ್ಟು ಹೇಳಬೇಕು. ಇನ್ನು ಮೊದಲ ವಾರಗಳಲ್ಲಿ ಜ್ವರ, ಕೂತಲ್ಲೇ 120 ದಾಟುವ ನಾಡಿ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಎಡಭುಜದ ನೋವು ಬಂದರೆ ಸ್ಟೇಪಲ್ ಸಾಲು ಸೋರುತ್ತಿರಬಹುದು. ಬೆಳಗಾಗಲಿ ನೋಡೋಣ ಅನ್ನುವ ಮಾತೇ ಬೇಡ.

ಮಧ್ಯಾಹ್ನದ ಈ ಫಜೀತಿಯ ಬೇರು ಬೆಳಗಿನಲ್ಲೂ ಇರುತ್ತದೆ. ನೀರು ಕಡಿಮೆ ಕುಡಿದವರಿಗೆ ಊಟದ ಹೊತ್ತಿಗೆ ಗಂಟಲು ಒಣಗಿ ತುತ್ತು ಸಲೀಸಾಗಿ ಇಳಿಯುವುದಿಲ್ಲ, ಜೊತೆಗೆ ನೀರೂ ಬೇಕೆನಿಸುತ್ತದೆ. ದಿನಕ್ಕೆ ಒಂದೂವರೆ ಲೀಟರಾದರೂ ಒಳಗೆ ಹೋಗಬೇಕು. ಆದರೆ ಚೊಂಬೆತ್ತಿ ಗಟಗಟ ಕುಡಿಯುವ ಕಾಲ ಮುಗಿಯಿತು. ಅಟ್ಟದ ಮೇಲಿನ ಒಳಲೆಯನ್ನು ಕೆಳಗಿಳಿಸಿ. ಮಗುವಿಗೆ ಹಾಲು ಹಾಕುತ್ತಿದ್ದ ಆ ಬೆಳ್ಳಿಯ ಅಥವಾ ಸ್ಟೀಲಿನ ಒಳಲೆಯಲ್ಲಿ ಎಷ್ಟು ಹಿಡಿಯುತ್ತದೆಂದು ಸಿರಪ್ಪಿನ ಮುಚ್ಚಳದಿಂದ ಒಮ್ಮೆ ಅಳೆದಿಟ್ಟುಕೊಂಡರೆ ಸಾಕು. ಕಾಲು ಗಂಟೆಗೆ 30 ಮಿ.ಲೀ. ಹಾಗೆ ಹೋದರೆ ಎಚ್ಚರವಿರುವ ಹೊತ್ತಿನಲ್ಲಿ ಲೆಕ್ಕ ಮುಟ್ಟುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ಲೆಕ್ಕ ತಪ್ಪಿದೆ ಅಂತ ಅರ್ಥ. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸಿ, ಊಟವಾದ ಅರ್ಧ ಗಂಟೆಯ ಮೇಲೆ ಮತ್ತೆ ಶುರು. ಅನ್ನದ ನಡುವೆ ಮಜ್ಜಿಗೆ ಸುರಿದುಕೊಳ್ಳುವ ನಮ್ಮ ಪದ್ಧತಿಗೆ ಇದು ಹೊಂದುವುದಿಲ್ಲ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟದ ನಿಯಮ ಇದೇ.

ಈಗ ಬಸ್ಸಾರಿಗೆ ಬರೋಣ, ಯಾಕೆಂದರೆ ಅದರಲ್ಲೇ ಒಂದು ಎಡವಟ್ಟು ಅಡಗಿದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಮೇಲೆ ಕಟ್ಟು ಸಾರಾಗುತ್ತದೆ, ಬಸಿದುಳಿದದ್ದು ಪಲ್ಯವಾಗುತ್ತದೆ. 'ಇವರಿಗೆ ಹಗುರವಾಗಿರಲಿ' ಎಂದು ಸಾರನ್ನು ರೋಗಿಗೆ ಹಾಕಿ, ಪಲ್ಯವನ್ನು ಉಳಿದವರು ತಿನ್ನುತ್ತಾರೆ. ಪ್ರೊಟೀನ್ ಇರುವುದು ಆ ಪಲ್ಯದ ಕಾಳಿನಲ್ಲಿ! ತಿಳಿಸಾರಿನಲ್ಲಿ ಇರುವುದು ಉಪ್ಪು, ಹುಳಿ, ಘಮ. ಆದ್ದರಿಂದ ಬಡಿಸುವುದನ್ನು ತಿರುಗುಮುರುಗು ಮಾಡಬೇಕು: ಚೆನ್ನಾಗಿ ಬೆಂದ ಹೆಸರುಕಾಳನ್ನು ಹಿಸುಕಿ ಎರಡು ಚಮಚ ಸಾರಿನಲ್ಲಿ ಕಲಸಿದ್ದು ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಅರವತ್ತು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಪ್ರೊಟೀನ್ ನಾಲ್ಕು ಗ್ರಾಂ ಚಿಲ್ಲರೆ. ಹೊಟ್ಟೆಯಲ್ಲಿ ಇರುವುದೇ ಅರ್ಧ ಬಟ್ಟಲಿನ ಜಾಗ. ಅದನ್ನು ಅಷ್ಟಕ್ಕೆ ಬಿಟ್ಟುಕೊಟ್ಟರೆ ದಿನದ 60 ಗ್ರಾಂ ತಲುಪುವುದೆಲ್ಲಿ?

60 ಗ್ರಾಂ ಬಾಯಲ್ಲಿ ಹೇಳಲು ಸುಲಭ. ಒಂದು ಮೊಟ್ಟೆಗೆ 6, ಐವತ್ತು ಗ್ರಾಂ ಪನೀರಿಗೆ 9, ಇಪ್ಪತ್ತೈದು ಗ್ರಾಂ ಬೇಳೆ ಬೇಯಿಸಿದ್ದಕ್ಕೆ 6, ನೂರು ಗ್ರಾಂ ಮೊಸರಿಗೆ 3. ಇಷ್ಟು ತಿನ್ನುವಷ್ಟರಲ್ಲೇ ಮೂರು ಹೊತ್ತು ಮುಗಿದು, ಕೈಗೆ ಬಂದದ್ದು 24. ಉಳಿದದ್ದು ಕುಡಿದೇ ಬರಬೇಕು: ಇನ್ನೂರು ಮಿ.ಲೀ. ಹಾಲಿಗೆ ಒಂದು ಅಳತೆ ವೇ ಪುಡಿ (ಹಾಲಿನಿಂದ ತೆಗೆದ ಪ್ರೊಟೀನ್ ಪುಡಿ) ಬೆರೆಸಿ, ಎರಡು ಕಂತಿನಲ್ಲಿ ಗಂಟೆಗಟ್ಟಲೆ ಗುಟುಕರಿಸಿದರೆ 30ರ ಹತ್ತಿರ. ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿಯನ್ನು ಮೊಸರಿಗೋ ಬೇಳೆಗೋ ಕಲಸಿದರೆ ಇನ್ನೊಂದು 5–6. ಪ್ರೊಟೀನ್ ಪುಡಿಯೆಂದರೆ ಜಿಮ್ಮಿನ ಹುಡುಗರದ್ದು ಎಂದು ಮೂಗು ಮುರಿಯುವವರಿದ್ದಾರೆ. ಶಾಕಾಹಾರಿಗಳಿಗಂತೂ ಮೊದಲ ಮೂರು ತಿಂಗಳು ಅದಿಲ್ಲದೆ ಲೆಕ್ಕ ಕೂಡಿಬರುವುದು ಬಹಳ ಕಷ್ಟ. ಮೂರನೇ ತಿಂಗಳಿನಿಂದ ಆರಂಭವಾಗುವ ಕೂದಲುದುರುವಿಕೆ ತೂಕ ಇಳಿದ ರಭಸಕ್ಕೆ ಹೇಗಿದ್ದರೂ ಸ್ವಲ್ಪ ಬರುತ್ತದೆ, ಬಹಳ ಮಂದಿಗೆ ತಾನಾಗಿ ನಿಲ್ಲುತ್ತದೆ. ಪ್ರೊಟೀನೂ ಕಬ್ಬಿಣವೂ ಕಡಿಮೆಯಾದವರಿಗೆ ಬಾಚಣಿಗೆ ತುಂಬುತ್ತದೆ.

ತುತ್ತಿನ ಗಾತ್ರ ಬಟಾಣಿಯಷ್ಟು. ಅಗಿದು ಬಾಯಲ್ಲೇ ಗಂಜಿಯಾಗಬೇಕು, ಚಮಚ ಕೆಳಗಿಡಬೇಕು, ಒಂದು ನಿಮಿಷ ಬಿಡಬೇಕು. ನಾಲ್ಕೈದು ದೊಡ್ಡ ಚಮಚ ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಸಾಕು ಎನ್ನುವ ಸೂಚನೆ ಹಳೆಯ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊಟ್ಟೆ ತುಂಬಿದ ಭಾರ, ತೇಗು, ಅವೆಲ್ಲ ಈಗ ತಡ. ಕೆಲವರಿಗೆ ಇದ್ದಕ್ಕಿದ್ದಂತೆ ಮೂಗಿನಲ್ಲಿ ನೀರಾಡುತ್ತದೆ, ಕೆಲವರಿಗೆ ಬಿಕ್ಕಳಿಕೆ ಅಥವಾ ಸೀನು, ಕೆಲವರಿಗೆ ತಾನಾಗಿ ಒಂದು ನಿಟ್ಟುಸಿರು. ಅದೇ ಎಚ್ಚರಿಕೆಯ ಗಂಟೆ. ಕೈಯಲ್ಲಿರುವ ಚಮಚವೂ ತಟ್ಟೆಗೇ ಹೋಗಬೇಕು. 'ಗುಬ್ಬಿ ತಿಂದಷ್ಟೂ ತಿನ್ನಲಿಲ್ಲ, ಇನ್ನೊಂದೇ ತುತ್ತು' ಎಂಬ ಪ್ರೀತಿಯ ಒತ್ತಾಯವೇ ಎಷ್ಟೋ ಸಲ ಆ ನೊರೆಗೆ ಕಾರಣ. ಮದುವೆ ಪಂಕ್ತಿಯಂತೂ ಇನ್ನೂ ಕೆಲವು ತಿಂಗಳು ಬೇಡ. ಸಾಲು ಏಳುವ ವೇಗಕ್ಕೆ ಇವರ ಊಟ ಎಂದೂ ಹೊಂದುವುದಿಲ್ಲ.

ಸಂಜೆ ಬೇರೆಯೇ ಕಥೆ. ಮಧ್ಯಾಹ್ನ ಮುದ್ದೆ ಇಳಿಯದ ಹೊಟ್ಟೆಗೆ ಕೋಡುಬಳೆ, ರಸ್ಕು, ಮೈಸೂರುಪಾಕು ಸಲೀಸಾಗಿ ಇಳಿಯುತ್ತವೆ. ಬಾಯಲ್ಲಿ ಕರಗಿ ಜಾರಿಹೋಗುವ ತಿಂಡಿಗೆ ನಳಿಕೆ ಎಷ್ಟು ಚಿಕ್ಕದಾದರೇನು? ತಡೆಯೇ ಇಲ್ಲ. ಒಂದೆರಡು ವರ್ಷದ ಮೇಲೆ ತೂಕ ಮತ್ತೆ ಏರಿದವರ ದಿನಚರಿ ಕೆದಕಿದರೆ ಈ ಸಂಜೆಯ ಡಬ್ಬಿ ಸಿಗುವುದು ಅಪರೂಪವಲ್ಲ. ಸ್ಲೀವ್ ಬದಲು ಹೊಟ್ಟೆಯ ಬೈಪಾಸ್ (ಊಟ ಜಠರದ ಬಹುಭಾಗವನ್ನು ಬಿಟ್ಟು ನೇರ ಕರುಳಿಗೆ ಹೋಗುವಂತೆ ಮಾಡುವ ಆಪರೇಷನ್) ಆದ ಹಲವರಿಗೆ ಒಂದು ಹೋಳಿಗೆ ಸಾಕು: ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ. ಅವರಿಗೆ ಅದೊಂದು ಕಾವಲಾದರೂ ಇದೆ ಎನ್ನಬಹುದು.

ಮಾತ್ರೆಗಳ ವಿಷಯದಲ್ಲಿ ಎರಡು ಮಾತು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಬಿಡಬೇಕು; ಕಬ್ಬಿಣದ ಆಸುಪಾಸು ಕಾಫಿ ಟೀ ಕೂಡದು. ಕ್ಯಾಲ್ಸಿಯಂ ದಿನಕ್ಕೆ 1200–1500 ಮಿ.ಗ್ರಾಂ., ಒಂದು ಸಲಕ್ಕೆ 500–600 ಮೀರದಂತೆ. ಚೀಟಿಯಲ್ಲಿ ಸಿಟ್ರೇಟ್ ಎಂದಿದ್ದರೆ ಅಂಗಡಿಯವರು ಕಾರ್ಬೊನೇಟ್ ಕೊಟ್ಟಿಲ್ಲವೆಂದು ಸ್ಟ್ರಿಪ್ ತಿರುಗಿಸಿ ನೋಡಿ; ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಈ ಹೊಟ್ಟೆಯಲ್ಲಿ ಅದು ಕಡಿಮೆ. ಇದಕ್ಕಿಂತ ಅವಸರದ್ದು ಹಳೆಯ ಬಿಪಿ, ಸಕ್ಕರೆ ಮಾತ್ರೆಗಳು. ಊಟ ಕಾಲುಭಾಗಕ್ಕೆ ಇಳಿದ ಮೇಲೂ ಹಳೆಯ ಪ್ರಮಾಣದ ಇನ್ಸುಲಿನ್ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಾದರೆ ನಿಶ್ಶಕ್ತಿ ಎಂದು ಹಾರ್ಲಿಕ್ಸ್ ಕುಡಿಯುವ ಬದಲು ಬಿಪಿ ನೋಡಿಸಿ, ಡಾಕ್ಟರಿಂದ ಮಾತ್ರೆ ಇಳಿಸಿಕೊಳ್ಳಬೇಕು. ಹೊಟ್ಟೆ ಒಳಗೆ ಸ್ಟೇಪಲ್ ಇರುವಾಗ ಮಂಡಿನೋವಿಗೆ ಹಳೆಯ ನೋವಿನ ಮಾತ್ರೆ ತೆಗೆದುಕೊಳ್ಳುವ ಮುನ್ನವೂ ಕೇಳಿಯೇ ತೆಗೆದುಕೊಳ್ಳಬೇಕು, ಬೈಪಾಸ್ ಆದವರಂತೂ ಖಂಡಿತ, ಹುಣ್ಣಾಗಬಹುದು. ಹಾಗೇ ತುಂಬಿದ ಕೊಡ, ಗ್ಯಾಸ್ ಸಿಲಿಂಡರು ಎತ್ತುವುದೂ ಸರ್ಜನ್ ಹೂಂ ಅನ್ನುವವರೆಗೆ ಬೇರೆಯವರ ಕೆಲಸ.

ಮುದ್ದೆಯನ್ನು ಬಿಡಲೇಬೇಕಂತೇನಿಲ್ಲ. ಎರಡು ತಿಂಗಳು ದಾಟಿದ ಮೇಲೆ, ಕಾಳು, ಮೊಟ್ಟೆ ಸಲೀಸಾಗಿ ಇಳಿಯತೊಡಗಿದ ಮೇಲೆ, ತಂಗಳು ಮುದ್ದೆಯ ಒಂದು ಚೂರನ್ನು ಮಜ್ಜಿಗೆಗೆ ಹಾಕಿ, ಒಂದೂ ಗಂಟು ಉಳಿಯದಂತೆ ಕೈಯಿಂದ ಕಿವುಚಬೇಕು. ಈರುಳ್ಳಿ, ಹಸಿಮೆಣಸಿನಕಾಯಿ ಬೇಡ. ಬಟ್ಟಲು ಓರೆ ಮಾಡಿದರೆ ತಾನಾಗಿ ಹರಿಯುವಷ್ಟು ತೆಳ್ಳಗಿರಲಿ. ಅದರಲ್ಲಿ ಮೊದಲ ದಿನ ಮೂರು ಚಮಚ, ಅದೂ ಕಾಳು ತಿಂದಾದ ಮೇಲೆ ಜಾಗ ಉಳಿದಿದ್ದರೆ.