ಹೆಂಚು ಇಳಿಸಿದ ದಿನ ನೆನಪಾದ ಊರು

ಏಪ್ರಿಲ್‌ನಲ್ಲಿ ನಮ್ಮ ಹಳೇ ಮನೆಯ ಹೆಂಚು ಇಳಿಸಿದೆವು. ಸಕಲೇಶಪುರದಿಂದ ಸ್ವಲ್ಪ ಒಳಗಿರುವ ಮನೆ, ಅಜ್ಜ ಕಟ್ಟಿಸಿದ್ದು. ಹೆಂಚು ಕೂರುವ ಮರದ ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಮುಂಗಾರಿಗೆ ಮುಂಚೆ ಬದಲಾಯಿಸದಿದ್ದರೆ ಈ ಸಲ ಮಳೆ ಮನೆಯೊಳಗೇ ಅನ್ನುವ ಸ್ಥಿತಿ. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಊರಿನವರಿಗೆಲ್ಲ ಮೊಳೆ, ಶೀಟು, ರೀಪು ಮಾರುವವನು ನಾನು. ನನ್ನ ಮನೆಯ ರೀಪು ಮಾತ್ರ ಇಪ್ಪತ್ತು ವರ್ಷ ನೋಡಿರಲಿಲ್ಲ.

ಇಳಿಸಿದ ಹೆಂಚುಗಳನ್ನು ಅಂಗಳದಲ್ಲಿ ಒರಗಿಸಿ ಇಡುವಾಗ ಹಿಂಬದಿಯ ಅಚ್ಚು ಕಾಣಿಸಿತು. ಪಾಚಿ ಉಜ್ಜಿದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ವಯಸ್ಸಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ "ನಮ್ಮ ಹೆಂಚು ನೂರೈವತ್ತು ವರ್ಷದ್ದು" ಅಂತ ಕೊಚ್ಚಿಕೊಳ್ಳುವುದು ಬಿಡಲ್ಲ. ಇನ್ನು ಕೆಲವು ಹೆಂಚಿನ ಮೇಲೆ ಕಾಮನ್‌ವೆಲ್ತ್ ಅಂತಿತ್ತು. ಅಳತೆ ಅದೇ, ಮಣ್ಣಿನ ಬಣ್ಣ ಅದೇ. ಹೆಸರು ಮಾತ್ರ ಬೇರೆ. ಮೊದಲ ಮಹಾಯುದ್ಧದ ಹೊತ್ತಿಗೆ, ಜರ್ಮನರ ನಂಟಿನ ಕ್ರೈಸ್ತ ಮಿಷನ್ ಅಂತ ಬ್ರಿಟಿಷರು ಆ ಕಾರ್ಖಾನೆಗಳನ್ನು ಕಿತ್ತುಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಂದರೆ ಎಲ್ಲೋ ಯುರೋಪಿನಲ್ಲಿ ನಡೆದ ಜಗಳ ನಮ್ಮ ಅಡುಗೆಮನೆಯ ಮೇಲೂ ಕೂತಿತ್ತು.

ಆಗ ಸ್ಟ್ರಾಸ್‌ಬರ್ಗ್ ನೆನಪಾಯಿತು. ಎರಡು ವರ್ಷದ ಹಿಂದೆ ಅಕ್ಕನ ಮಗಳು ಪುಟ್ಟಿ ಅಲ್ಲಿ ಓದುತ್ತಿದ್ದಾಗ ಹನ್ನೆರಡು ದಿನ ಹೋಗಿದ್ದೆ. ಬರೀಬೇಕು ಅಂದುಕೊಂಡು ಇಷ್ಟು ದಿನ ಸುಮ್ನೆ ಕೂತಿದ್ದೆ.

ಊರು ಫ್ರಾನ್ಸಿನಲ್ಲಿದೆ, ರೈನ್ ನದಿ ದಾಟಿದರೆ ಜರ್ಮನಿ. 1681ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಹಿಡಿದುಕೊಂಡ. 1871ರಲ್ಲಿ ಜರ್ಮನಿಗೆ ಹೋಯಿತು. 1918ರಲ್ಲಿ ವಾಪಸ್ ಫ್ರಾನ್ಸ್. 1940ರಲ್ಲಿ ಹಿಟ್ಲರನ ಸೈನ್ಯ ಬಂತು, 1944ರ ನವೆಂಬರ್‌ನಲ್ಲಿ ಮತ್ತೆ ಫ್ರಾನ್ಸ್. 1870ರಲ್ಲಿ ಹುಟ್ಟಿ 75 ವರ್ಷ ಬದುಕಿದ ಅಜ್ಜಿಯೊಬ್ಬಳು ಮನೆ ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಾಯಿಸಿದಂತಾಯಿತು. ನಮ್ಮ ಕಡೆ ಪಹಣಿಯಲ್ಲಿ ಹೆಸರು ಬದಲಾಯಿಸುವುದಕ್ಕೇ ಒಂದು ಜನ್ಮ ಬೇಕು.

ಪ್ಯಾರಿಸ್‌ನಿಂದ ರೈಲಿನಲ್ಲಿ ಹೋಗುವಾಗ ಪುಟ್ಟಿ ಒಂದು ವಿಷಯ ಹೇಳಿದಳು. "ಮಾವ, ಫ್ರಾನ್ಸಿನಲ್ಲಿ ರೈಲು ಎಡಗಡೆ ಓಡುತ್ತೆ. ಈ ಅಲ್ಸಾಸ್, ಪಕ್ಕದ ಮೊಸೆಲ್ ಸೀಮೆಯಲ್ಲಿ ಮಾತ್ರ ಬಲಗಡೆ." ಜರ್ಮನರು ಆಳಿದಾಗ ಮಾಡಿದ್ದು. ಅವರು ಹೋಗಿ ನೂರು ವರ್ಷ ದಾಟಿದರೂ ಬದಲಾಯಿಸಿಲ್ಲ. ಹಳೇ ಗಡಿಯ ಹತ್ತಿರ ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಲ್ಲಿ ಹಾದು ಪಕ್ಕ ಬದಲಾಯಿಸುತ್ತೆ. ನಮ್ಮ ಸಕಲೇಶಪುರ ಘಾಟಿಯಲ್ಲಿ ಇರುವುದೇ ಒಂದು ಹಳಿ, ಎಡ ಬಲದ ಗೊಡವೆಯೇ ಇಲ್ಲ ಅಂದೆ. ನಕ್ಕಳು.

ಎಲ್ಲರೂ ಅಲ್ಲಿ ಚರ್ಚಿನ ಗೋಪುರ ನೋಡುತ್ತಾರೆ. ನಾನೂ ನೋಡಿದೆ. 142 ಮೀಟರ್ ಎತ್ತರ, ಗುಲಾಬಿ ಬಣ್ಣದ ಮರಳುಗಲ್ಲು, 1439ರಲ್ಲಿ ಮುಗಿದದ್ದು. ಎರಡು ಗೋಪುರ ಇರಬೇಕಾದ ಕಡೆ ಒಂದೇ ಇದೆ. ಚೆನ್ನಾಗಿದೆ, ಕತ್ತು ನೋಯುತ್ತೆ. ಆದರೆ ನನ್ನ ಕಣ್ಣು ಹೋದದ್ದು ಮನೆಗಳ ಮಾಡಿನ ಮೇಲೆ. ಕಸುಬಿನ ಬುದ್ಧಿ, ಬಿಡಲ್ಲ.

ಹೊಳೆಯ ಕವಲುಗಳ ನಡುವೆ ಪೆಟಿಟ್ ಫ್ರಾನ್ಸ್ ಅಂತ ಒಂದು ಕೇರಿ. ಚರ್ಮ ಹದ ಮಾಡುವವರ ಕೇರಿಯಾಗಿತ್ತು. ಮರದ ಚೌಕಟ್ಟಿನ ನಡುವೆ ಗೋಡೆ ತುಂಬಿದ ಮನೆಗಳು. ಮಾಡು ಎಷ್ಟು ಕಡಿದು ಅಂದರೆ ಅರ್ಧ ಮನೆ ಮಾಡೇ. ಅದರಡಿಯ ಅಟ್ಟಗಳನ್ನು ಗಾಳಿಯಾಡಲು ತೆರೆದೇ ಬಿಡುತ್ತಿದ್ದರು, ತೊಗಲು ಒಣಗಿಸಲು. ನಮ್ಮಲ್ಲಿ ಅಡಿಕೆ, ಏಲಕ್ಕಿ ಅಟ್ಟಕ್ಕೆ ಹಾಕಲ್ವಾ, ಹಾಗೆ. ವಾಸನೆ ಮಾತ್ರ ಬೇರೆ ಇದ್ದಿರಬೇಕು! ಹೊದಿಸಿದ್ದು ನಾಲಿಗೆಯ ಆಕಾರದ ಚಪ್ಪಟೆ ಹೆಂಚು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಇಡೀ ಕೇರಿ ನೋಡಲು ಪಕ್ಕಾ ಜರ್ಮನ್, ಹೆಸರು ಮಾತ್ರ ಪುಟ್ಟ ಫ್ರಾನ್ಸ್. ಹೆಸರು ಪ್ರೀತಿಯಿಂದ ಬಂದದ್ದೇನಲ್ಲ. ಹಿಂದೆ ಅಲ್ಲಿ ಗುಹ್ಯರೋಗದ ಆಸ್ಪತ್ರೆಯಿತ್ತು. ಆ ಕಾಯಿಲೆಗೆ ಜರ್ಮನ್ ಮಾತಾಡುವವರು ಇಟ್ಟ ಹೆಸರು ಫ್ರೆಂಚ್ ಕಾಯಿಲೆ. ನಮ್ಮ ಆಯುರ್ವೇದದವರು ಅದನ್ನೇ ಫಿರಂಗ ರೋಗ ಅಂದರು. ಕಾಯಿಲೆ ಯಾವತ್ತೂ ಪಕ್ಕದೂರಿನದೇ ಅಲ್ವಾ.

ಫ್ರೆಂಚರು ಬಂದ ಮೇಲೆ ಕಟ್ಟಿದ್ದೂ ಇದೆ. ಚರ್ಚಿನ ಪಕ್ಕದ ರೋಹಾನ್ ಅರಮನೆ, 1742ರದ್ದು. ಸಮ ಸಮ ಕಿಟಕಿ, ಗಂಭೀರ ಮುಖ. ಇನ್ನು 1871ರ ನಂತರ ಜರ್ಮನರು ಹಳೇ ಊರಿನ ಪಕ್ಕ ಹೊಸ ಊರನ್ನೇ ಕಟ್ಟಿದರು. ನಾಯ್‌ಸ್ಟಾಟ್ ಅಂತ ಹೆಸರು, ಅಂದರೆ ಹೊಸಪೇಟೆ. ಅಗಲ ಬೀದಿ, ವಿಶ್ವವಿದ್ಯಾಲಯ, ಚಕ್ರವರ್ತಿಗೊಂದು ಗುಮ್ಮಟದ ಅರಮನೆ. ಎದೆ ಉಬ್ಬಿಸಿ ನಿಂತ ಹಳೇ ಪೊಲೀಸ್ ದಫೇದಾರನ ಹಾಗಿದೆ ಅದು. ಊರಿನವರಿಗೆ ಬಹಳ ಕಾಲ ಆ ಭಾಗ ಕಂಡರೆ ಆಗುತ್ತಿರಲಿಲ್ಲವಂತೆ. ಈಗ ಅರಮನೆಯಲ್ಲಿ ರೈನ್ ನದಿಯ ದೋಣಿ ಸಂಚಾರ ನೋಡಿಕೊಳ್ಳುವ ಆಯೋಗದ ಕಚೇರಿ. ಹಳೇ ಊರು 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜರ್ಮನರ ಹೊಸಪೇಟೆ ಸೇರಲು 2017 ಬರಬೇಕಾಯಿತು.

ಆ ಅರಮನೆಯ ಮುಂದಿನ ಚೌಕದಲ್ಲಿ ಯುದ್ಧದಲ್ಲಿ ಸತ್ತವರ ಸ್ಮಾರಕ ಇದೆ. 1936ರಲ್ಲಿ ಇಟ್ಟದ್ದು. ಒಬ್ಬ ತಾಯಿ, ಅವಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳು. ಇಬ್ಬರಿಗೂ ಬಟ್ಟೆಯಿಲ್ಲ, ಯಾವ ಕಡೆಯ ಸೈನಿಕ ಅಂತ ಹೇಳಲಾಗದು. ಬೇರೆ ಊರಿನ ಸ್ಮಾರಕಗಳಲ್ಲಿ ಫ್ರಾನ್ಸಿಗಾಗಿ ಸತ್ತವರಿಗೆ ಅಂತ ಬರೆದಿರುತ್ತದೆ. ಇಲ್ಲಿ "ನಮ್ಮ ಸತ್ತವರಿಗೆ" ಅಂತ ಅಷ್ಟೇ. ಏಕೆಂದರೆ ಮೊದಲ ಯುದ್ಧದಲ್ಲಿ ಈ ಊರಿನ ಗಂಡಸರು ಸತ್ತದ್ದು ಹೆಚ್ಚಾಗಿ ಜರ್ಮನ್ ಸಮವಸ್ತ್ರದಲ್ಲಿ. ಎರಡನೇ ಯುದ್ಧದಲ್ಲೂ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್‌ನಿಂದ ಸುಮಾರು 1,30,000 ಜನರನ್ನು ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಬಹಳ ಹೊತ್ತು ನಿಂತೆ. ಪುಟ್ಟಿ ಫೋಟೊ ತೆಗೀಲಾ ಮಾವ ಅಂದಳು. ಬೇಡ ಅಂದೆ.

ಪುಟ್ಟಿಯ ಮನೆ ಓನರ್ ಒಬ್ಬರು ಅಜ್ಜಿ. ನಮ್ಮ ಜೊತೆ ಫ್ರೆಂಚ್, ಬೆಕ್ಕಿನ ಜೊತೆ ಅಲ್ಸಾಸಿನ ಮಾತು. ಅದು ಜರ್ಮನ್‌ಗೆ ಹತ್ತಿರದ್ದು. ಹಳೇ ಊರಿನ ಬೀದಿಗಳ ಫಲಕದಲ್ಲೂ ಎರಡು ಹೆಸರು ಬರೆದಿದ್ದಾರೆ. ನೀವು ಜರ್ಮನ್ನರಾ ಫ್ರೆಂಚರಾ ಅಂತ ಪುಟ್ಟಿಯ ಕೈಲಿ ಕೇಳಿಸಿದೆ. ಅಲ್ಸಾಸಿನವಳು ಅಂತ ಹೇಳಿ, ಚಹಾ ಬೇಕಾ ಅಂದರು. ಕೇಳಬಾರದಿತ್ತು ಅನ್ನಿಸಿತು. ನನ್ನನ್ನೂ ಹಾಸನದಲ್ಲಿ ಮಲೆನಾಡಿನವರು ಅಂತಾರೆ, ಮಂಗಳೂರಿಗೆ ಇಳಿದರೆ ಘಟ್ಟದವರು ಅಂತಾರೆ. ಎರಡು ಕಡೆಯೂ ನನಗೆ ರೇಗುತ್ತೆ.

ಆ ಅಜ್ಜಿಗೆ ನನ್ನ ಕಸುಬು ಹೆಂಚು, ಶೀಟು ಅಂತ ಗೊತ್ತಾದ ಮೇಲೆ ಮಾತು ಬೇರೆ ಕಡೆ ತಿರುಗಿತು. ಅಲ್ಸಾಸಿನ ದಕ್ಷಿಣಕ್ಕೆ ಆಲ್ಟ್‌ಕಿರ್ಶ್ ಅಂತ ಊರಿದೆ. ಅಲ್ಲಿನ ಜಿಲಾರ್ಡೋನಿ ಅಣ್ಣತಮ್ಮಂದಿರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಕಂಡುಹಿಡಿದರು. ನನಗೆ ಮೈ ಜುಮ್ಮೆಂದಿತು. ನಮ್ಮ ಮಂಗಳೂರು ಹೆಂಚು ಇದೇ ಜಾತಿಯದ್ದಲ್ಲವೇ! ಒಂದು ಅಂಚಿನಲ್ಲಿ ತೋಡು, ಇನ್ನೊಂದರಲ್ಲಿ ಏಣು, ಹಿಂಬದಿಯಲ್ಲಿ ರೀಪಿಗೆ ಕೊಕ್ಕೆ ಹಾಕಿಕೊಳ್ಳುವ ಎರಡು ಗುಬ್ಬಿ. ನಾಡಹೆಂಚಿನ ಹಾಗೆ ಮೂರು ಪದರ ಹೊದಿಸಬೇಕಿಲ್ಲ, ಭಾರವೂ ಕಡಿಮೆ. ಆಲ್ಟ್‌ಕಿರ್ಶ್‌ನಿಂದ ಸ್ವಿಟ್ಜರ್‌ಲೆಂಡಿನ ಬಾಸೆಲ್ ಬಹಳ ದೂರವೇನಲ್ಲ. ಆ ಬಾಸೆಲ್‌ನ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಂಗಳೂರಿನ ಜೇಡಿಮಣ್ಣು ನೋಡಿ ಹೆಂಚು ಸುಡಿಸಿದ. ಅದು ಶಿರಾಡಿ ಘಾಟಿ ಹತ್ತಿ ನಮ್ಮನೆಗೆ ಬಂತು.

ಕೊನೆಯ ದಿನ ಟ್ರಾಮ್ ಹತ್ತಿ ರೈನ್ ದಾಟಿ ಜರ್ಮನಿಯ ಕೇಲ್‌ಗೆ ಹೋದೆವು. ಶಾಂಪೂ, ಸೋಪು ಅಲ್ಲಿ ಅಗ್ಗವಂತೆ. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಎರಡು ಚೀಲ ಹಿಡಿದು ಸಂಜೆಗೆ ವಾಪಸ್ ಫ್ರಾನ್ಸಿಗೆ ಬಂದೆವು.

ಮನೆ ಕೆಲಸದ ಕಥೆ ಮುಗಿಸಿಬಿಡುತ್ತೇನೆ. ಇಳಿಸುವಾಗ ಅರವತ್ತು ಹೆಂಚು ಒಡೆದಿದ್ದವು. ಮಂಗಳೂರಿನಿಂದ ಹೊಸದು ತರಿಸಿದೆ. ಮೇಸ್ತ್ರಿ ಮಾಡಿನ ಮೇಲಿಂದಲೇ ಕೂಗಿದ, "ಅಣ್ಣಾ, ಹಳೇದಕ್ಕೆ ಇದು ಕಚ್ಚಲ್ಲ." ಅಂಚು ಒಂದು ಕಾಲಿಂಚು ಆಚೀಚೆ ಇತ್ತು. ಕೊನೆಗೆ ಹೊಸದನ್ನೆಲ್ಲ ಕೊಟ್ಟಿಗೆಗೆ ಹಾಕಿದೆವು. ಕೊಟ್ಟಿಗೆಯ ಹಳೇ ಹೆಂಚು ಮನೆಗೆ ಬಂತು. ಅಮ್ಮನಿಗೆ ಇನ್ನೂ ಬೇಜಾರು. ದನಗಳಿಗೆ ಹೊಸ ಮಾಡು, ನಮಗೆ ಹಳೇದಾ ಅಂತ.