ಪುಣೆಯ ಕಾರ್ಯಾಲಯದಲ್ಲಿ ಧಾರವಾಡದ ಲಗ್ನ

ಪುಣೆಯಲ್ಲಿ ಯಾರಿಗಾದರೂ ನಮ್ಮ ಮನೆಯಲ್ಲಿ ಕನ್ನಡದವರ ಮದುವೆಯಿದೆ ಎಂದು ಹೇಳಿದರೆ, ಊಟಕ್ಕೆ ಇಡ್ಲಿ, ದೋಸೆ, ಬಿಸಿಬೇಳೆ ಬಾತು ಇರುತ್ತದೆಯಲ್ಲವೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಉಡುಪಿ ಹೋಟೆಲುಗಳು ಈ ನಗರದಲ್ಲಿ ಆಳವಾಗಿ ಬೇರು ಬಿಟ್ಟಿರುವುದರಿಂದ ಹಾಗೆ ಕೇಳುವವರನ್ನು ದೂರುವಂತಿಲ್ಲ. ಆದರೆ ನಾವು ಧಾರವಾಡದವರು. ನಮ್ಮ ಮನೆಯ ಹಳೆಯ ಮದುವೆಗಳಲ್ಲಿ ಬಿಸಿಬೇಳೆ ಬಾತನ್ನು ಕಂಡ ನೆನಪು ನನಗಿಲ್ಲ. ಕಳೆದ ಚಳಿಗಾಲದಲ್ಲಿ ಅಣ್ಣನ ಮಗಳ ಲಗ್ನ ಪುಣೆಯ ಕೊಥರೂಡಿನ ಒಂದು ಮರಾಠಿ ಮನೆತನದ ಹುಡುಗನೊಂದಿಗೆ ನಿಶ್ಚಯವಾದಾಗ ಅವಳು ನನ್ನ ಮುಂದೆ ಒಂದೇ ಬೇಡಿಕೆ ಇಟ್ಟಳು: "ಅತ್ಯಾ, ಲಗ್ನ ಪುಣೆದಾಗ ಆದ್ರೂ ನಮ್ಮೂರಿಂದ ಏನರೆ ಇರಬೇಕ ನೋಡ."

ಈ "ಏನರೆ" ಯಾವುದೆಂದು ತೀರ್ಮಾನಿಸುವುದರಲ್ಲೇ ಬಹಳ ಕಾಲ ಹೋಯಿತು. ಮನೆಯವರಿಂದ ಮೊದಲು ಬಂದ ಸಲಹೆಗಳೆಲ್ಲ ರಾಜ್ಯೋತ್ಸವದ ಮೆರವಣಿಗೆಗೆ ಹೊಂದುವಂಥವು. ಬಾಗಿಲಲ್ಲಿ ಯಕ್ಷಗಾನದ ಕಿರೀಟದ ಪ್ರತಿಕೃತಿ, ವರನ ಕಡೆಯ ಹಿರಿಯರಿಗೆ ಮೈಸೂರು ಪೇಟ, ಸ್ವಾಗತಕ್ಕೆ ಡೊಳ್ಳು ಕುಣಿತದ ತಂಡ, ಪಂಕ್ತಿಯಲ್ಲಿ ಮೈಸೂರು ಪಾಕು. ಇವೆಲ್ಲವೂ ಕರ್ನಾಟಕದ ಹೆಮ್ಮೆಗಳೇ ಸರಿ, ಆದರೆ ನಮ್ಮ ಓಣಿಯ ಯಾವ ಲಗ್ನದಲ್ಲೂ ಇವು ಇದ್ದವಲ್ಲ. ಡೊಳ್ಳು ಕುಣಿತವಂತೂ ಬೀರೇಶ್ವರನ ಆರಾಧನೆಯೊಂದಿಗೆ ಬೆಳೆದ ಕಲೆ. ಅದನ್ನು ಮಂಗಲ ಕಾರ್ಯಾಲಯದ, ಅಂದರೆ ಮದುವೆ ಮಂಟಪದ, ಬಾಗಿಲಲ್ಲಿ ಫೋಟೋದವನ ಅನುಕೂಲಕ್ಕೆ ತಕ್ಕಂತೆ ಕುಣಿಸುವುದು ನನಗೆ ಸರಿಕಾಣಲಿಲ್ಲ. ಮದುವೆಯಲ್ಲಿ ಊರಿನ ಸೊಗಡು ಬೇಕೆಂದವರು ಮೊದಲು ಯಾವ ಊರು ಎಂದು ಕೇಳಿಕೊಳ್ಳಬೇಕು. ರಾಜ್ಯದ ಪರಿಚಯ ಮಾಡಿಕೊಡುವ ಹೊಣೆಯನ್ನು ಒಂದು ಮದುವೆಯ ಹೆಗಲಿಗೆ ಹೊರಿಸಬಾರದೆಂಬುದು ನನ್ನ ಅಭಿಪ್ರಾಯ.

ಹಾಗೆ ಧಾರವಾಡಕ್ಕೇ ಸೀಮಿತವಾಗಬೇಕೆಂದು ಕುಳಿತಾಗ ಮತ್ತೊಂದು ತೊಡಕು ಎದುರಾಯಿತು. ನಮ್ಮದೆಂದು ಹೇಳಿಕೊಳ್ಳುವುದರಲ್ಲಿ ಅರ್ಧದಷ್ಟು ಪುಣೆಯವರದೂ ಹೌದು. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬಯಿ ಆಡಳಿತಕ್ಕೇ ಸೇರಿತ್ತು. ನಮ್ಮ ಅಜ್ಜನ ತಲೆಮಾರಿನವರು ಓದಿಗೆ ಪುಣೆಯ ಕಾಲೇಜುಗಳಿಗೆ ಬರುವುದು ಸಾಮಾನ್ಯವಾಗಿತ್ತು. ಅವರ ಪುರಣ ಪೋಳಿ ನಮ್ಮ ಹೂರಣದ ಹೋಳಿಗೆ. ಹೂರಣದ ಬೇಳೆ ಬೇಯಿಸಿದ ಕಟ್ಟಿನಿಂದ ನಾವು ಸಾರು ಮಾಡಿದರೆ ಅವರು ಆಮ್ಟಿ ಮಾಡುತ್ತಾರೆ. ಇಳಕಲ್ಲ ಸೀರೆಯನ್ನು ಅವರ ಅಜ್ಜಿಯರೂ ಉಟ್ಟವರೇ, ಗುಳೇದಗುಡ್ಡದ ಖಣದ ಕುಪ್ಪಸ ಅವರಿಗೂ ಹೊಸದಲ್ಲ. ಉಡಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊನೆಗಳನ್ನು ಕಂಡು ಬೀಗತಿಯವರು ಇದರಲ್ಲಿ ವಿಶೇಷವೇನೆಂದು ಕೇಳಿದರೆ ಉತ್ತರವಿಲ್ಲ. ಆದ್ದರಿಂದ ಬೆರಗುಗೊಳಿಸುವ ಆಸೆಯನ್ನು ಕೈಬಿಟ್ಟೆವು. ಎರಡೂ ಮನೆಗಳಿಗೆ ಪರಿಚಿತವಾದ ವಸ್ತುವನ್ನೇ ನಮ್ಮೂರಿನ ಕೈಗುಣದಲ್ಲಿ ಮುಂದಿಟ್ಟರೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ ಎಂದುಕೊಂಡು ಕೆಲಸಕ್ಕೆ ಇಳಿದೆವು.

ಊಟದ ವಿಷಯದಲ್ಲಿ ಪುಣೆಯ ಮಂಗಲ ಕಾರ್ಯಾಲಯಗಳಿಗೆ ಅವುಗಳದೇ ಕಟ್ಟುಪಾಡುಗಳಿವೆ. ಅನೇಕ ಕಡೆ ಅಡುಗೆಯ ಗುತ್ತಿಗೆದಾರರು ಗೊತ್ತಾಗಿಯೇ ಇರುತ್ತಾರೆ, ಹೊರಗಿನ ಅಡುಗೆಗೆ ಅವಕಾಶವಿರುವುದಿಲ್ಲ. ನಾವು ಹಿಡಿದ ಕಾರ್ಯಾಲಯದಲ್ಲಿಯೂ ಹಾಗೆಯೇ ಇತ್ತು. ಗೋಧಿ ಹುಗ್ಗಿ ಮಾಡಿಕೊಡಲು ಒಪ್ಪಿದ ಅಡುಗೆಯವರು ಅದರ ರುಚಿ ತೋರಿಸಲೆಂದು ಮಾಡಿದ್ದು ಗೋಧಿ ನುಚ್ಚಿನ ಪಾಯಸವಾಗಿತ್ತು. ಇಡೀ ಗೋಧಿಯನ್ನು ನೆನೆಸಿ, ಕುಟ್ಟಿ ಸಿಪ್ಪೆ ತೆಗೆದು, ಕಾಳು ಬಾಯಲ್ಲಿ ಕರಗುವಷ್ಟು ಹೊತ್ತು ಬೇಯಿಸಿ, ಆಮೇಲೆ ಬೆಲ್ಲ, ಒಣಕೊಬ್ಬರಿ, ಗಸಗಸೆ ಬೆರೆಸುವ ತಾಳ್ಮೆ ದಿನಕ್ಕೆ ಎರಡು ಮದುವೆ ನಡೆಸುವ ಅಡುಗೆಮನೆಯಲ್ಲಿ ಸಿಗುವುದು ಕಷ್ಟ. ಅವರೊಂದಿಗೆ ವಾದಿಸುವುದಕ್ಕಿಂತ ಲಗ್ನದ ದಿನದ ಊಟವನ್ನು ಪುಣೆಯ ಪದ್ಧತಿಗೇ ಬಿಟ್ಟು, ಹಿಂದಿನ ದಿನದ ಅರಿಶಿಣದ ಊಟವನ್ನು ಅಣ್ಣನ ಸೊಸೈಟಿಯ ಸಭಾಗೃಹದಲ್ಲಿ ನಾವೇ ಹಮ್ಮಿಕೊಂಡೆವು. ಇಂಥದೇ ಇಕ್ಕಟ್ಟಿನಲ್ಲಿರುವವರಿಗೆ ನಾನು ಕೊಡುವ ಮೊದಲ ಸಲಹೆ ಇದು: ಊರಿನ ಅಡುಗೆಗೆ ಒಂದು ಹೊತ್ತನ್ನು ಪೂರ್ತಿಯಾಗಿ ಮೀಸಲಿಡಿ, ದೊಡ್ಡ ಊಟದ ಮೂಲೆಯಲ್ಲಿ ಅದಕ್ಕೊಂದು ಕೌಂಟರ್ ತೆರೆದು ಕೈತೊಳೆದುಕೊಳ್ಳಬೇಡಿ.

ಆ ಊಟದ ಯಜಮಾನಿಕೆ ಜೋಳದ ರೊಟ್ಟಿಯದು. ಸೊಲ್ಲಾಪುರ, ವಿಜಯಪುರದ ಕಡೆ ಬೆಳೆಯುವ ಮಾಲದಂಡಿ ಜೋಳದ ಹಿಟ್ಟು ಪುಣೆಯಲ್ಲಿಯೂ ದೊರೆಯುತ್ತದೆ, ಭಾಕರಿ ಇಲ್ಲಿ ಮನೆಮನೆಯ ಊಟ. ವ್ಯತ್ಯಾಸವಿರುವುದು ಬಡಿಯುವ ಕೈಯಲ್ಲಿ. ಕುದಿಯುವ ನೀರಿನಲ್ಲಿ ಕಲಸಿದ ಹಿಟ್ಟನ್ನು ನಾದಿ ನಾದಿ, ಅರಿವೆಯಷ್ಟು ತೆಳುವಾಗಿ ಬಡಿದು, ಹಂಚಿನ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ ಉಬ್ಬಿಸುವ ನಮ್ಮ ಕಡೆಯ ರೊಟ್ಟಿಗೆ ಭಾಕರಿಯ ದಪ್ಪವಿರುವುದಿಲ್ಲ. ಬಿಸಿ ರೊಟ್ಟಿ ಬಡಿಯಲು ಊರಿನಿಂದ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ಖಡಕ್ ರೊಟ್ಟಿ ಮಾತ್ರ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಸ್ವಾರಗೇಟಿಗೆ ಬಂದಿಳಿಯಿತು. ಅದು ವಾರಗಟ್ಟಲೆ ಕೆಡುವುದಿಲ್ಲ; ದಾರಿಯಲ್ಲಿ ಮುರಿದ ಚೂರುಗಳನ್ನು ಮಕ್ಕಳು ಶೇಂಗಾ ಹಿಂಡಿ, ಮೊಸರಿನೊಂದಿಗೆ ಅಲ್ಲಲ್ಲೇ ಮುಗಿಸಿದರು.

ರೊಟ್ಟಿಯ ಪಕ್ಕಕ್ಕೆ ಎಣ್ಣೆಗಾಯಿ. ಬದನೆಕಾಯಿಗೆ ಮಸಾಲೆ ತುಂಬುವುದು ಮರಾಠಿ ಮನೆಗಳಲ್ಲಿಯೂ ಉಂಟು, ಅದಕ್ಕೆ ಅವರು ಬಳಸುವ ಗೋಡಾ ಮಸಾಲೆಯ ಪರಿಮಳ ಕಲ್ಲುಹೂವಿನದು. ನಮ್ಮದರಲ್ಲಿ ಮುಂದಾಗಿ ನಿಲ್ಲುವುದು ಹುರಿದ ಗುರೆಳ್ಳು, ಶೇಂಗಾ, ಹುಣಸೆಹುಳಿ ಮತ್ತು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿಗೆ ಬಣ್ಣ ಹೆಚ್ಚು, ಉರಿ ಕಡಿಮೆ. ಆದ್ದರಿಂದಲೇ ತಾಟಿನ ಕೆಂಪು ಕಂಡು ಹೆದರಿದ್ದ ವರನ ಸೋದರಮಾವ ಎರಡನೆಯ ಸಲ ಬಡಿಸಿಕೊಂಡರು. ಪುಂಡಿ ಪಲ್ಯ, ಮಡಕೆ ಕಾಳಿನ ಪಲ್ಯ, ಜುಣಕದ ವಡೆ, ಅಗಸಿ ಹಿಂಡಿ, ಕೆನೆಮೊಸರು, ಸಿಹಿಗೆ ಶೇಂಗಾ ಹೋಳಿಗೆ ಮತ್ತು ಹಾಲು ತುಪ್ಪದೊಂದಿಗೆ ಮಾದಲಿ ಎಂಬ ಗೋಧಿಯ ಪುಡಿಸಿಹಿ. ಅನ್ನ ಕೊನೆಗೆ ಬಂತು. ಅಷ್ಟು ಹೊತ್ತಿಗೆ ಅದನ್ನು ಕೇಳುವವರು ಯಾರೂ ಉಳಿದಿರಲಿಲ್ಲ.

ಸಂಜೆಗೆ ಗಿರ್ಮಿಟ್ ಮತ್ತು ಮಿರ್ಚಿ ಭಜಿ. ಭೇಳಪುರಿಯ ಊರಿನಲ್ಲಿ ಚುರುಮುರಿಯ ತಿಂಡಿ ಇಡುವುದು ಧೈರ್ಯದ ಮಾತೆಂದು ಅಣ್ಣ ಹಿಂಜರಿದ. ಆದರೆ ಭೇಳದಲ್ಲಿ ಸಿಹಿ ಖಾರದ ಚಟ್ನಿಗಳನ್ನು ಒಗ್ಗರಣೆಯಿಲ್ಲದೆಯೇ ಸುರಿಯುತ್ತಾರೆ. ಗಿರ್ಮಿಟ್ಟಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆಹುಳಿ, ಬೆಲ್ಲವನ್ನು ಒಗ್ಗರಣೆಯಲ್ಲಿ ಬೇಯಿಸಿದ ಗೊಜ್ಜು ಬೇಕು. ಅದನ್ನು ಚುರುಮುರಿಗೆ ಹಚ್ಚಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿದ ತಕ್ಷಣ ತಿನ್ನಬೇಕು. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಮರ್ಯಾದೆ ಹೋಗುತ್ತದೆ. ಆದ್ದರಿಂದ ಕಲಸುವ ಮನುಷ್ಯನನ್ನು ಬಂದವರ ಎದುರಿಗೇ ನಿಲ್ಲಿಸಿದ್ದೆವು. ಆ ಸಂಜೆ ಹಣ ಖರ್ಚು ಮಾಡಿ ಹಾಕಿಸಿದ ಅಲಂಕಾರದ ಮುಂದೆ ನಿಂತದ್ದಕ್ಕಿಂತ ಆ ಒಂದು ಬುಟ್ಟಿಯ ಸುತ್ತ ಜನ ಹೆಚ್ಚು ಹೊತ್ತು ನಿಂತರು.

ಬಂದವರಿಗೆ ಹಂಚಲು ಧಾರವಾಡದ ಫೇಡೆಯ ಪೆಟ್ಟಿಗೆಗಳನ್ನು ಆರಿಸಿದೆವು. ಗೋಕಾಕದ ಕರದಂಟು ಹೆಚ್ಚು ದಿನ ಬಾಳುತ್ತದೆ ಎಂಬ ವಾದವೂ ಮನೆಯಲ್ಲಿತ್ತು, ಬೆಳಗಾವಿಯ ಕುಂದಾದ ಪರವಾಗಿ ಅತ್ತಿಗೆಯ ತವರಿನವರು ಬಹಳ ಬಲವಾಗಿ ಮಾತನಾಡಿದರು. ಆದರೆ ಊರು ಯಾವುದೆಂದು ಒಮ್ಮೆ ನಿಶ್ಚಯಿಸಿದ ಮೇಲೆ ಹಿಂದೆ ಸರಿಯಬಾರದು. ಇಲ್ಲೊಂದು ಸ್ವಾರಸ್ಯವಿದೆ: ನಮ್ಮೂರಿನ ಹೆಸರನ್ನೇ ಹೊತ್ತಿರುವ ಈ ಸಿಹಿ ಬಂದದ್ದು ಇಂದಿನ ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ಠಾಕೂರ ಮನೆತನದವರ ಕೈಯಿಂದ. ಖೋವಾವನ್ನು ಕಂದುಬಣ್ಣ ಬರುವವರೆಗೆ ಹುರಿದು ಸಣ್ಣ ಸಕ್ಕರೆಯಲ್ಲಿ ಹೊರಳಿಸುವ ಆ ಫೇಡೆ ಲೈನ್ ಬಜಾರಿನಲ್ಲಿ ನೆಲೆಯೂರಿ ಧಾರವಾಡದ್ದಾಯಿತು, ಆಮೇಲೆ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು. ಅಪ್ಪಟ ನಮ್ಮದು ಯಾವುದು ಎಂದು ಬಹಳ ಕೆದಕಲು ಹೋದರೆ ಹಂಚುವುದಕ್ಕೆ ಏನೂ ಉಳಿಯಲಿಕ್ಕಿಲ್ಲ.

ಉಡುಗೆಯಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಮುಹೂರ್ತಕ್ಕೆ ಗಂಡಿನ ಕಡೆಯವರು ಕೊಟ್ಟ ಪೈಠಣಿ, ಅರಿಶಿಣಕ್ಕೆ ಮತ್ತು ನೀರೆರೆಯುವ ಶಾಸ್ತ್ರವಾದ ಸುರಗಿಗೆ ಇಳಕಲ್ಲ ಸೀರೆ. ಇಳಕಲ್ಲದ ಮೈಯ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಜೋಡಿಸಿ ನೇಯುತ್ತಾರೆ. ಆ ಕೆಂಪು ಸೆರಗಿನ ಬಿಳಿ ಹಲ್ಲುಗಳ ಸಾಲು ಕಂಡರೆ ದೂರದಿಂದಲೇ ಗುರುತು ಹತ್ತುತ್ತದೆ. ಅದರ ಮೇಲೆ ಕಸೂತಿ ಹಾಕಿಸಬೇಕೆಂಬುದು ಹುಡುಗಿಯ ಆಸೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಎಳೆಗಳನ್ನು ಎಣಿಸಿಯೇ, ಕೆಳಗೆ ಯಾವ ಚಿತ್ರವನ್ನೂ ಬರೆದುಕೊಳ್ಳದೆ ಹಾಕುವ ಕೆಲಸವಾದ್ದರಿಂದ ಅದು ಅವಸರಕ್ಕೆ ಒಗ್ಗುವುದಿಲ್ಲ. ಇಡೀ ಸೀರೆಗೆ ಹಾಕಿಸುವ ಬದಲು ಸೆರಗಿಗೆ ಸಾಲು ಗೋಪುರ, ಒಂದು ಅಂಬಾರಿ ಆನೆ, ತುಳಸಿ ವೃಂದಾವನ ಇಷ್ಟನ್ನೇ ಕೈಯಿಂದ ಹಾಕಿಸಿದೆವು. ಅಂಗಡಿಗಳಲ್ಲಿ ಕಸೂತಿಯೆಂದು ಮಾರುವುದರಲ್ಲಿ ಯಂತ್ರದ ಹೊಲಿಗೆಯೂ ಬಹಳವಿದೆ. ಕೊಳ್ಳುವ ಮುನ್ನ ಸೆರಗನ್ನು ತಿರುವಿ ನೋಡಬೇಕು. ಕೈಯ ಗವಂತಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ, ಗಂಟು ಇರುವುದಿಲ್ಲ.

ಸುರಗಿಯನ್ನು ಸೊಸೈಟಿಯ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಮಾಡಿದೆವು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ, ನಡುವೆ ಹುಡುಗಿಯನ್ನು ಕೂಡಿಸಿ ನೀರೆರೆಯುವುದಕ್ಕೆ ಅಂಗಳವೇ ಬೇಕೆಂದಿಲ್ಲ. ನೀರು ಕೆಳಗಿನ ಮನೆಯವರ ಬಾಲ್ಕನಿಗೆ ಇಳಿಯದಂತೆ ನೋಡಿಕೊಂಡರೆ ಸಾಕು.

ವಾದ್ಯದ ಮಟ್ಟಿಗೆ ಊರಿನಿಂದ ಸನಾದಿಯವರನ್ನು, ಅಂದರೆ ಶಹನಾಯಿ ನುಡಿಸುವವರನ್ನು, ಕರೆಸುವ ಯೋಚನೆಯನ್ನು ಬಿಟ್ಟೆವು, ಏಕೆಂದರೆ ಶಹನಾಯಿ ನಗಾರಿಗಳು ಕೂಡಿದ ಪುಣೆಯ ಸನಈ ಚೌಘಡಾ ನಮ್ಮ ಕಿವಿಗೂ ಮಂಗಳವಾದ್ಯವೇ. ಹಾಡಿನ ಮಟ್ಟಿಗೆ ಈ ನಗರಕ್ಕೂ ನಮ್ಮ ಜಿಲ್ಲೆಗೂ ಇರುವ ನಂಟನ್ನು ಬಳಸಿಕೊಂಡೆವು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ ಅವರ ಶಿಷ್ಯ, ಗದಗ ಸೀಮೆಯಿಂದ ಬಂದು ಪುಣೆಯವರೇ ಆದ ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಆರಂಭಿಸಿದ ಸಂಗೀತೋತ್ಸವವನ್ನು ಪುಣೆಯ ರಸಿಕರು ಇಂದಿಗೂ ಚಳಿಯಲ್ಲಿ ಶಾಲು ಹೊದ್ದು ಕೇಳುತ್ತಾರೆ. ಭೀಮಸೇನರ ಕಂಠದಲ್ಲಿ ದಾಸರ ಪದಗಳನ್ನು ಕೇಳಿ ಬೆಳೆದ ಮರಾಠಿ ಹಿರಿಯರಿಗೆ ಕನ್ನಡ ಬಾರದಿದ್ದರೂ ಆ ಪದಗಳು ಬಾಯಿಪಾಠವಾಗಿರುತ್ತವೆ. ಆದ್ದರಿಂದ ಅರಿಶಿಣದ ಸಂಜೆ ಡೀಜೆಯ ಬದಲು ಸಂಗೀತ ಕಲಿಯುತ್ತಿರುವ ನಮ್ಮ ನೆಂಟರ ಹುಡುಗನೊಬ್ಬ ಹಾರ್ಮೋನಿಯಂ, ತಬಲಾದೊಂದಿಗೆ ಕುಳಿತು ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಹಾಡಿದ. ಯುವಕರು ಆಮೇಲೆ ಡೀಜೆಯನ್ನೂ ಹಾಕಿಕೊಂಡರು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕಳೆಗಟ್ಟಿದ್ದು ಒಡಪು. ಗಂಡನ ಹೆಸರನ್ನು ಪ್ರಾಸದೊಳಗೆ ಅಡಗಿಸಿ ಹೇಳುವ ಈ ಆಟವನ್ನು ಮರಾಠಿಯವರು ಉಖಾಣೆ ಎಂದು ಆಡುತ್ತಾರೆ. ಹೊಸ್ತಿಲ ಮೇಲೆ ಹುಡುಗಿಯನ್ನು ತಡೆದು ಹೆಸರು ಕೇಳುವ ಹೊತ್ತಿಗೆ ಅವಳು ಮೊದಲು ಮರಾಠಿಯಲ್ಲಿ ಒಂದನ್ನು ಹೇಳಿ ಬೀಗರಿಂದ ಸೈ ಎನ್ನಿಸಿಕೊಂಡಳು. ಆಮೇಲೆ ನಮ್ಮ ಕಡೆಯವರು ಸುಮ್ಮನಿರುತ್ತಾರೆಯೇ? "ಲೈನ್ ಬಜಾರದ ಫೇಡೆ ಘಮ್ಮ, ಸಿಂಹಗಡದ ಗಾಳಿ ತಂಪ, ನಮ್ಮವರ ಹೆಸರ ಹೇಳತೀನಿ, ಎಲ್ಲಾರೂ ಕೂಡ್ರಿ ಗಪ್ಪ" ಎಂದು ಅವಳ ದೊಡ್ಡವ್ವ ಕಟ್ಟಿಕೊಟ್ಟದ್ದನ್ನು ಹುಡುಗಿ ಹೇಳಿದಾಗ, ಅರ್ಥವಾಗದ ಮರಾಠಿ ಹುಡುಗರೂ "ಗಪ್ಪ" ಎಂಬಲ್ಲಿ ನಕ್ಕರು. ಆ ಮಾತು ಅವರಲ್ಲಿಯೂ ಇದೆ. ಅಲ್ಲಿಂದ ಎರಡೂ ಕಡೆಯ ಹಿರಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಹೆಸರು ಹೇಳುತ್ತ ಹೋದರು. ಫೋಟೋದವನು ಆಲ್ಬಮಿಗೆ ಬೇಕಾದ ಭಂಗಿಗಳಿಗಾಗಿ ಕಾಯುತ್ತ ನಿಲ್ಲಬೇಕಾಯಿತು.

ಬೀಗರನ್ನು ಹಾಸ್ಯ ಮಾಡುವ ಪದಗಳು, ಅರಿಶಿಣ ಹಚ್ಚುವಾಗಿನ ಸೋಬಾನ, ಬೀಸುವ ಕಲ್ಲಿನ ಮುಂದಿನ ಹಾಡು ನಮ್ಮಲ್ಲಿ ಈಗ ಕೆಲವೇ ಹಿರಿಯರಿಗೆ ಬರುತ್ತವೆ, ಅವರಲ್ಲಿ ಹೆಚ್ಚಿನವರು ಊರು ಬಿಟ್ಟು ಬರಲು ಒಲ್ಲೆನೆನ್ನುವವರು. ಫೋನಿನಲ್ಲಿ ಹಾಡಿಸಿ ಧ್ವನಿಮುದ್ರಿಸಿಕೊಂಡು ಸ್ಪೀಕರಿನಲ್ಲಿ ಹಾಕಬಹುದಲ್ಲ ಎಂದು ಅಣ್ಣನ ಮಗ ಸೂಚಿಸಿದ. ಆದರೆ ಬೀಗತಿಯ ಮುಖ ನೋಡಿ ಅಲ್ಲೇ ಒಂದು ಸಾಲು ಬದಲಿಸುವ ಕೆಲಸ ಸ್ಪೀಕರಿನಿಂದ ಆಗುವುದಿಲ್ಲ. ವೇದಿಕೆಯ ಹಿಂದೆ ಎತ್ತಿನ ಬಂಡಿಯ ಸೆಟ್ ಹಾಕಿಸಬೇಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಹಾಡು ಬಲ್ಲ ಮೂವರು ಅಜ್ಜಿಯರಿಗೆ ಧಾರವಾಡದಿಂದ ಪುಣೆಗೆ ಹೋಗಿಬರುವ ರೈಲಿನ ಟಿಕೆಟ್ ತೆಗೆಸಿದೆವು. ಲಗ್ನಸರಾಯಿಯಲ್ಲಿ ಕೆಳಗಿನ ಬರ್ತು ಸುಲಭವಾಗಿ ಸಿಗುವುದಿಲ್ಲ. ಮುಹೂರ್ತದ ದಿನ ಗೊತ್ತಾದ ಕೂಡಲೇ, ಕಾರ್ಯಾಲಯಕ್ಕೆ ಮುಂಗಡ ಕೊಟ್ಟ ದಿನವೇ, ಅದನ್ನು ಕಾಯ್ದಿರಿಸುವುದು ಒಳ್ಳೆಯದು.